ನಡತೆ: ಉತ್ತಮ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡು ಎಂದು ಹೆಡ್‌ಮಾಸ್ತರರು ಹೇಳಿದ್ದಾರೆ. ಆಡುತ್ತೇನೆ, ಆದರೆ ನಮ್ಮ ಟಿ.ಸಿ.ಯಿಂದ ಶುರು ಮಾಡುತ್ತೇನೆ. ಅದರಲ್ಲಿ ‘ನಡತೆ’ ಎಂಬ ಕಾಲಂ ಇದೆಯಲ್ಲ, ಬೆಂಚು ಮುರಿದವನಿಗೂ ಕಾಂಪೌಂಡ್ ಹಾರಿ ಜಾತ್ರೆಗೆ ಹೋದ ನನಗೂ ಮೇಷ್ಟ್ರು ಅಲ್ಲಿ ‘ಉತ್ತಮ’ ಎಂದೇ ಬರೆದುಕೊಟ್ಟರು. ಆಗ ನಗು ಬಂದಿತ್ತು.

ಈ ಶಾಲೆಯಲ್ಲಿ ಓದಿದ ಒಬ್ಬನ ವಿಷಯ ಹೇಳಬೇಕು. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಹೆಸರು, ವರ್ಷ ಹೇಳುವುದಿಲ್ಲ. ಗೊತ್ತಿದ್ದವರೂ ಪಕ್ಕದವರ ಕಿವಿಯಲ್ಲಿ ಹೇಳಬೇಡಿ. ಹದಿನಾರನೇ ವಯಸ್ಸಿನಲ್ಲಿ ದೊಡ್ಡ ಹುಡುಗರ ಜೊತೆ ಸೇರಿ ತೋಟವೊಂದರ ಪಂಪ್‌ಸೆಟ್ ಕೇಬಲ್ ಕದ್ದು ಸಿಕ್ಕಿಬಿದ್ದ. ಬಾಲನ್ಯಾಯ ಮಂಡಳಿ ಬುದ್ಧಿ ಹೇಳಿ ಮನೆಗೆ ಕಳಿಸಿತು. ಆಮೇಲೆ ಅವನ ಮೇಲೆ ಒಂದು ದೂರೂ ಇಲ್ಲ. ಹತ್ತು ವರ್ಷಕ್ಕೂ ಮೇಲೆ ಕಳೆದು, ಬೆಂಗಳೂರಿನಲ್ಲಿ ಚಾಲಕನ ಕೆಲಸ ಸಿಕ್ಕಿತು. ಪೊಲೀಸ್ ಪರಿಶೀಲನೆಯಲ್ಲಿ ‘ಕಳವು ಪ್ರಕರಣ’ ಎಂದು ಬರೆದು ಬಂತು. ಕೆಲಸ ಹೋಯಿತು.

ಹಾಗೆ ಬರೆಯುವಂತಿರಲಿಲ್ಲ. ಬಾಲನ್ಯಾಯ ಕಾಯ್ದೆ, 2015, ಇದನ್ನು ಸ್ಪಷ್ಟವಾಗಿ ಹೇಳಿದೆ. ಬಾಲ್ಯದ ತಪ್ಪಿನಿಂದ ಮುಂದೆ ಅನರ್ಹತೆ ಬರಬಾರದು, ಅವಧಿ ಮುಗಿದ ಮೇಲೆ ದಾಖಲೆ ನಾಶ ಮಾಡಬೇಕು ಎನ್ನುತ್ತದೆ 24ನೇ ಕಲಂ. ಮುಗಿದ ಪ್ರಕರಣವನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಿ ಕೂಡ ಬಹಿರಂಗಪಡಿಸಬಾರದು ಎನ್ನುತ್ತದೆ 74ನೇ ಕಲಂ. 2000ದ ಹಳೆಯ ಕಾಯ್ದೆಯಲ್ಲೂ ಅನರ್ಹತೆ ತೆಗೆದುಹಾಕುವ ಮಾತಿತ್ತು.

‘ಹಾಗಾದರೆ ಏನು ಮಾಡಿದರೂ ಮಾಫಿಯೇ?’ ಎಂದು ಹಿರಿಯರು ಕೇಳಬಹುದು. ಇಲ್ಲ. ಹದಿನಾರು ದಾಟಿದವರು ಘೋರ ಅಪರಾಧ ಮಾಡಿ, ವಯಸ್ಕರಂತೆ ವಿಚಾರಣೆಯಾಗಿ ತಪ್ಪಿತಸ್ಥರಾದರೆ ಈ ರಿಯಾಯಿತಿ ಸಿಗುವುದಿಲ್ಲ. ಕೇಬಲ್ ಕಳೆದುಕೊಂಡ ರೈತರ ಸಿಟ್ಟೂ ನ್ಯಾಯವೇ. ಆ ಬೇಸಿಗೆ ಅವರ ಬೆಳೆ ಒಣಗಿತು.

ಇನ್ನು ಕಂಪ್ಯೂಟರ್ ವಿಷಯ. ಕೆಲಸಕ್ಕೆ ಸೇರುವವರ ಹಿನ್ನೆಲೆ ಪರಿಶೀಲಿಸುವ ಸಾಫ್ಟ್‌ವೇರನ್ನು ನಾನೂ ಕೆಲವು ಕಾಲ ಬರೆದಿದ್ದೇನೆ. ಹೆಸರು, ತಂದೆಯ ಹೆಸರು, ಊರು ಹೊಂದಿದರೆ ಕೆಂಪು ಗುರುತು. ಘಟನೆಯ ದಿನ ವಯಸ್ಸು ಹದಿನೆಂಟರೊಳಗಿತ್ತೇ ಎಂದು ನೋಡಲು ಎರಡು ಸಾಲು ಸಾಕಿತ್ತು. ಅದನ್ನು ಬರೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಗೆಳೆಯ ಫೋನ್ ಮಾಡಿ ‘ನಿಮ್ಮಂಥೋರ ಕಂಪ್ಯೂಟರ್ರೇ ಇರಬೇಕು ಕಣೋ’ ಎಂದಾಗ ಅರ್ಥವಾಯಿತು. ರಿಜಿಸ್ಟರ್ ಸುಟ್ಟರೆ ಸುಟ್ಟಂತೆ. ಕಂಪ್ಯೂಟರಿನಲ್ಲಿ ಒಂದು ಪ್ರತಿ ಅಳಿಸಿದರೆ ಬ್ಯಾಕಪ್‌ನಲ್ಲಿ ಇನ್ನೊಂದು, ಯಾವುದೋ ಏಜೆನ್ಸಿಯಲ್ಲಿ ಮತ್ತೊಂದು ಉಳಿದಿರುತ್ತದೆ. ನಾಶ ಮಾಡಬೇಕು ಎಂದರೆ ಸಾಲದು. ಯಾರು, ಯಾವ ದಿನ ಮಾಡಿದರು ಎಂದು ಆ ಹುಡುಗನ ಕೈಗೆ ಪತ್ರ ಕೊಡುವ ನಿಯಮ ಬೇಕು. ಅರ್ಜಿ ನಮೂನೆಗಳೂ ಹದಿನೆಂಟರ ನಂತರದ್ದನ್ನು ಮಾತ್ರ ಕೇಳಬೇಕು.

ವಯಸ್ಕರ ಸಣ್ಣ ಪುಟ್ಟ ಅಪರಾಧಗಳಿಗೂ ಇಂಥದೊಂದು ಕಾನೂನು ಬೇಕು ಎಂಬುದು ನನ್ನ ಅಭಿಪ್ರಾಯ. ಬ್ರಿಟನ್ನಿನಲ್ಲಿ 1974ರಿಂದಲೇ ಇದೆ. ಇಷ್ಟು ವರ್ಷ ಸರಿಯಾಗಿ ನಡೆದುಕೊಂಡರೆ ಹಳೆಯ ಸಣ್ಣ ಶಿಕ್ಷೆಯನ್ನು ಬಹುತೇಕ ಕೆಲಸಗಳಿಗೆ ಹೇಳಬೇಕಾಗಿಲ್ಲ. ಮಕ್ಕಳ ಜೊತೆಗಿನ ಕೆಲಸದಂಥವಕ್ಕೆ ಈ ವಿನಾಯಿತಿ ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಅದು ಸರಿಯೇ.

ನಿಮ್ಮ ಮನೆಯಲ್ಲೂ ಇಂಥ ತೊಂದರೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಬಡವರಿಗೆ ಅಲ್ಲಿ ವಕೀಲರ ನೆರವು ಉಚಿತ.

ಆಹ್ವಾನ ಪತ್ರಿಕೆ ಕೊಡಲು ಹೋದಾಗ ಗೆಳೆಯ, ‘ನಾ ಬಂದ್ರೆ ಜನ ಅದನ್ನೇ ಮಾತಾಡ್ತಾರೆ, ಬಿಡು’ ಅಂದ. ಟಿ.ಸಿ.ಯನ್ನು ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾನೆ. ಅವನ ದಾಖಲೆ ನಾಶವಾಗಿದೆಯೇ ಎಂದು ಬಾಲನ್ಯಾಯ ಮಂಡಳಿಯನ್ನು ಕೇಳಿ ಇಬ್ಬರೂ ಕೂತು ಅರ್ಜಿ ಬರೆದೆವು. ಸಹಿ ಹಾಕಿದ್ದಾನೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಕೊಡಲು ಹೋಗುತ್ತಿದ್ದೇವೆ.