ಬೂಷ್ಟು ಹಿಡಿದ ಶೇಂಗಾ ಮನೆಗೂ ಬೇಡ
(ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಶೇಂಗಾ ಆರಿಸುವಾಗ ನಾವು ಏನು ಮಾಡುತ್ತೇವೆ? ದಪ್ಪ ಕಾಳು ಮಾರಾಟಕ್ಕೆ. ಮುರುಟಿದ್ದು, ಬೂಷ್ಟು ಹಿಡಿದದ್ದು ಮನೆಯ ಚಟ್ನಿಪುಡಿಗೆ. ಹುರಿದರೆ ಎಲ್ಲಾ ಹೋಗುತ್ತೆ ಅಂದುಕೊಳ್ಳುತ್ತೇವೆ. ಹೋಗುವುದಿಲ್ಲ.

1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಸತ್ತವು. ಅವು ತಿಂದ ಶೇಂಗಾ ಹಿಂಡಿಯಲ್ಲಿ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿತ್ತು. ಮುಂದೆ ಪ್ರಯೋಗಾಲಯದಲ್ಲಿ ಇಲಿಗಳ ಆಹಾರಕ್ಕೆ ಇದನ್ನು ಬೆರೆಸಿದಾಗ ಅವುಗಳ ಯಕೃತ್ತಿನಲ್ಲಿ, ಅಂದರೆ ಈಲಿಯಲ್ಲಿ, ಕ್ಯಾನ್ಸರ್ ಗಡ್ಡೆ ಬೆಳೆಯಿತು. 1 ಗ್ರಾಂ ವಿಷವನ್ನು 10 ಲಕ್ಷ ಪಾಲು ಮಾಡಿ, ಅದರಲ್ಲಿ 15 ಪಾಲನ್ನು 1 ಕಿಲೋ ಆಹಾರಕ್ಕೆ ಸೇರಿಸಿದರೂ ಸಾಕಾಯಿತು.

ಇಲಿಗೆ ಬಂದದ್ದೆಲ್ಲಾ ಮನುಷ್ಯರಿಗೆ ಬರಬೇಕೆಂದಿಲ್ಲ, ನಿಜ. ಆದರೆ ಇದು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಹಾಗೆಂದು ಹೇಳಿದೆ. ಹೆಪಟೈಟಿಸ್-ಬಿ ಸೋಂಕು ಇದ್ದವರಿಗಂತೂ ಅಪಾಯ ಇನ್ನೂ ಹೆಚ್ಚು. ಮಕ್ಕಳಿಗೆ ಅದರ ಲಸಿಕೆ ತಪ್ಪಿಸಬೇಡಿ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು, ಕಾಮಾಲೆಯಾಗಿ, ಹೊಟ್ಟೆ ಊದಿ, ನೂರಕ್ಕೂ ಹೆಚ್ಚು ಜನ ತೀರಿಕೊಂಡರು.

ಹಾಗಾದರೆ ಏನು ಮಾಡೋಣ? ಕಾಯಿ ಅಲ್ಲಾಡಿಸಿದರೆ ಗಲಗಲ ಅನ್ನುವಷ್ಟು ಒಣಗಿಸೋಣ. ಚೀಲವನ್ನು ನೆಲಕ್ಕಿಡದೆ ಹಲಗೆಯ ಮೇಲಿಡೋಣ. ಬಣ್ಣಗೆಟ್ಟ ಕಾಳು ದನಕ್ಕೂ ಬೇಡ. ವಿಷ ಹಾಲಿಗೆ ಇಳಿಯುತ್ತದೆ.

ಒಳ್ಳೆಯದು ಪೇಟೆಗೆ, ಕೆಟ್ಟದ್ದು ಮಗುವಿನ ತಟ್ಟೆಗೆ ಎಂಬ ರೂಢಿ ಬಿಡೋಣ. ಒಂದು ಹಿಡಿ ಕಾಳು ಎಸೆದರೆ ದೇವರು ಕೊಟ್ಟ ಅನ್ನಕ್ಕೆ ಅವಮಾನವಲ್ಲ. ದೇವರು ಕೊಟ್ಟ ಜೀವಕ್ಕೆ ಮರ್ಯಾದೆ.