ದಿನ ತುಂಬದ ಕೂಸಿನ ಕಣ್ಣು



ವಾರ್ಷಿಕೋತ್ಸವದ ವೇದಿಕೆಯಿಂದ ನಾಡುನುಡಿಗಳನ್ನು ಕುರಿತು ಮಾತನಾಡುವುದು ವಾಡಿಕೆ. ನಾನು ಇಂದು ಅರಿಕೆ ಮಾಡಿಕೊಳ್ಳುವ ವಿಷಯವಾದರೋ ಬಾಣಂತಿಯ ಕೋಣೆಗೆ ಸಂಬಂಧಿಸಿದ್ದು. ಅಕ್ಕಲಕೋಟೆ, ಸೊಲ್ಲಾಪುರಗಳ ನಮ್ಮ ಮನೆಗಳಿಗೆ ಅದು ಹೇಗೆ ತಟ್ಟುತ್ತದೆಂಬುದನ್ನು ಮುಂದೆ ಹೇಳುತ್ತೇನೆ.

ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲವೆಂಬ ತೆಳುಪೊರೆಯುಂಟು. ಅದಕ್ಕೆ ಆಹಾರವನ್ನೊಯ್ಯುವ ರಕ್ತನಾಳಗಳು ಗರ್ಭದ ನಾಲ್ಕನೆಯ ತಿಂಗಳ ಸುಮಾರಿಗೆ ಹೊರಟು, ಬಳ್ಳಿಯಂತೆ ಮೆಲ್ಲನೆ ಹಬ್ಬಿ, ದಿನ ತುಂಬುವ ಹೊತ್ತಿಗೆ ಅಂಚನ್ನು ಮುಟ್ಟುತ್ತವೆ. ಏಳು ತಿಂಗಳಿಗೇ ಹುಟ್ಟಿದ ಕೂಸಿನಲ್ಲಿ ಈ ಕಾರ್ಯವು ಅಪೂರ್ಣವಾಗಿರುತ್ತದೆ. ಉಸಿರಾಟಕ್ಕೆಂದು ಕೊಡುವ ಆಮ್ಲಜನಕವು ಮಿತಿಮೀರಿದರೆ ನಾಳಗಳ ಬೆಳವಣಿಗೆ ನಿಲ್ಲುತ್ತದೆ. ತರುವಾಯ, ಹಸಿದ ಪಟಲದ ಕರೆಗೆ ಓಗೊಟ್ಟು ದಿಕ್ಕುದೆಸೆಯಿಲ್ಲದ ದುರ್ಬಲ ನಾಳಗಳು ಹುಟ್ಟುತ್ತವೆ. ವ್ಯಾಧಿಯು ಬಲಿತರೆ ಪಟಲವೇ ಎಳೆಯಲ್ಪಟ್ಟು ಕಳಚಿಕೊಳ್ಳುತ್ತದೆ. ಹೊರಗಿನಿಂದ ನೋಡಿದವರಿಗೆ ಕಣ್ಣು ಸೊಗಸಾಗಿಯೇ ಇರುತ್ತದೆ. ಪಾಪೆಯು ಬೆಳ್ಳಗೆ ಕಾಣಿಸಿಕೊಳ್ಳುವ ವೇಳೆಗೆ ಕಾಲವು ಮಿಂಚಿಹೋಗಿರುತ್ತದೆ.

ಈ ವ್ಯಾಧಿಯನ್ನು 1942ರಲ್ಲಿ ಬಾಸ್ಟನ್ನಿನ ವೈದ್ಯ ಟೆರಿ ಎಂಬವರು ಮೊದಲು ವರ್ಣಿಸಿದರು. ಆಮ್ಲಜನಕದ ಮೇಲಣ ಸಂಶಯವನ್ನು 1951ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಎಂಬ ವೈದ್ಯೆ ಪ್ರಕಟಿಸಿದರು. ಅನಂತರ ಅದನ್ನು ತೀರ ಕಡಿತಗೊಳಿಸಿದಾಗ, ದೃಷ್ಟಿಯುಳಿದರೂ ಪ್ರಾಣ ಕಳೆದುಕೊಂಡ ಶಿಶುಗಳ ಸಂಖ್ಯೆ ಹೆಚ್ಚಿತು. ಜೀವವನ್ನೂ ಕಣ್ಣನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅಷ್ಟು ಕಠಿಣ!

ಆದುದರಿಂದ ಸಕಾಲದ ಪರೀಕ್ಷೆಯೇ ಮುಖ್ಯವಾಯಿತು. ಹಿಂದೆ ತಜ್ಞರು ತಲೆಗೆ ದೀಪಯಂತ್ರವನ್ನು ಧರಿಸಿ ತಾವೇ ನೋಡಿ, ಕಂಡದ್ದನ್ನು ಕಾಗದದ ಮೇಲೆ ಬರೆದಿಡಬೇಕಾಗಿತ್ತು. ಅಂಥವರು ಜಿಲ್ಲೆಗೊಬ್ಬರೂ ದೊರೆಯುತ್ತಿರಲಿಲ್ಲ. ಕೈಯಲ್ಲಿ ಹಿಡಿಯುವ ಕ್ಯಾಮರಾ ಬಂದುದರಿಂದ ಈ ತೊಡಕು ಬಹುಮಟ್ಟಿಗೆ ಸಡಿಲವಾಯಿತು. ಪಾಪೆ ಹಿಗ್ಗುವ ಹನಿಯನ್ನೂ, ನೋವರಿಯದಂತೆ ಮಾಡುವ ಹನಿಯನ್ನೂ ಹಾಕಿ, ರೆಪ್ಪೆಗಳನ್ನು ಪುಟ್ಟ ಕೊಂಡಿಯಿಂದ ತೆರೆದಿಟ್ಟು, ತಿಳಿಯಾದ ಲೇಪದ ಮೂಲಕ ಮಸೂರವನ್ನು ಕಣ್ಣಿಗೆ ಹಗುರವಾಗಿ ತಾಗಿಸಿ ಚಿತ್ರ ತೆಗೆಯುತ್ತಾರೆ. ಕೂಸು ಅಳುತ್ತದೆ, ನೋಡುವವರಿಗೆ ಕರುಳು ಚುರ್ರೆನ್ನುತ್ತದೆ. ಆದರೆ ಕೆಲವೇ ನಿಮಿಷಗಳ ಕೆಲಸ.

ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಡಾ. ಆನಂದ ವಿನೇಕರ್ ಅವರ ನೇತೃತ್ವದಲ್ಲಿ ‘ಕಿಡ್‌ರಾಪ್’ ಎಂಬ ಯೋಜನೆಯನ್ನು ಆರಂಭಿಸಿದರು. ತರಬೇತಿ ಹೊಂದಿದ ತಂತ್ರಜ್ಞರು ವಾಹನದಲ್ಲಿ ಕ್ಯಾಮರಾ ಸಮೇತ ಊರೂರಿನ ಶಿಶು ಆಸ್ಪತ್ರೆಗಳಿಗೆ ಹೋಗಿ ಚಿತ್ರ ತೆಗೆದು, ದೂರದ ತಜ್ಞರಿಗೆ ಅಂತರ್ಜಾಲದ ಮೂಲಕ ಕಳಿಸುವುದು ಇದರ ಕ್ರಮ. ತಂತ್ರಜ್ಞರು ಚಿತ್ರಗಳನ್ನು ಹಸಿರು, ಕಿತ್ತಳೆ, ಕೆಂಪು ಎಂದು ವಿಂಗಡಿಸುತ್ತಾರೆ. ಕೆಂಪಾದರೆ ತ್ವರಿತ ಚಿಕಿತ್ಸೆ, ಕಿತ್ತಳೆಯಾದರೆ ಮರುಪರೀಕ್ಷೆ. ವಿದೇಶದ ಕ್ಯಾಮರಾ ಬಹಳ ದುಬಾರಿ; ಬೆಂಗಳೂರಿನಲ್ಲಿಯೇ ‘ತ್ರಿನೇತ್ರ ನಿಯೋ’ ಎಂಬ ಯಂತ್ರವು ತಯಾರಾದುದು ಸಂತೋಷದ ಸಂಗತಿ. ಹೆಸರೂ ಒಪ್ಪುವಂತಿದೆ!

ಈಗ ನಮ್ಮ ಮನೆಯ ಮಾತು. 34 ವಾರಗಳೊಳಗೆ ಹುಟ್ಟಿದ ಅಥವಾ 2 ಕಿಲೋಗ್ರಾಂಗಿಂತ ಕಡಮೆ ತೂಕದ ಶಿಶುವಿಗೆ 30 ದಿನಗಳೊಳಗೆ ಮೊದಲ ಪರೀಕ್ಷೆಯಾಗಬೇಕೆಂಬುದು ನಮ್ಮ ದೇಶದ ವೈದ್ಯರ ನಿಯಮ. 28 ವಾರಗಳೊಳಗಿನದಾದರೆ ಎರಡು ಮೂರು ವಾರಗಳಲ್ಲಿಯೇ. ಆದರೆ ಬಾಣಂತಿಯನ್ನೂ ಕೂಸನ್ನೂ ನಲವತ್ತು ದಿನ ಹೊಸ್ತಿಲು ದಾಟಿಸದ ಪದ್ಧತಿ ಎಷ್ಟೋ ಮನೆಗಳಲ್ಲಿ ಇದೆಯಷ್ಟೆ? ಹಿರಿಯರ ಈ ಕಟ್ಟಳೆ ಶೀತಗಾಳಿಯಿಂದ ಕಾಪಾಡುವುದಕ್ಕಾಗಿ ಹುಟ್ಟಿದ್ದು. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕಣ್ಣಿನ ಗಡುವು ಮಾತ್ರ ಅದಕ್ಕೂ ಹತ್ತು ದಿನ ಮೊದಲೇ ಮುಗಿಯುತ್ತದೆ.

ಗಡಿಯವರಾದ ನಮಗೆ ಇನ್ನೊಂದು ತೊಡಕು. ಹೆರಿಗೆ ಸೊಲ್ಲಾಪುರದಲ್ಲಿ, ತವರು ಅಫಜಲಪುರದಲ್ಲಿಯೋ ಇಂಡಿಯಲ್ಲಿಯೋ. ಮರುಪರೀಕ್ಷೆಯ ದಿನವನ್ನು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಬರೆದ ಚೀಟಿ ಓದುವವರಿಲ್ಲದೆ ಪೆಟ್ಟಿಗೆಯ ತಳ ಸೇರುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೂಸಿನ ಅಜ್ಜಿಯೇ ಕೇಳಲಿ: “ಡಾಕ್ಟರೇ, ಕೂಸಿನ ಕಣ್ಣಿನ ಪರದೆ ನೋಡುವುದು ಯಾವ ತಾರೀಖು? ತವರಿಗೆ ಹತ್ತಿರ ಎಲ್ಲಿ ನೋಡುತ್ತಾರೆ?” ಉತ್ತರವನ್ನು ಕನ್ನಡದಲ್ಲಿ ಬರೆಸಿಕೊಂಡು ತೊಟ್ಟಿಲ ಬಟ್ಟೆಯೊಡನೆ ಇಟ್ಟುಕೊಳ್ಳಿರಿ. ಓದಿ ಹೇಳುವವರು ಬೇಕಾದರೆ ಸಂಘದ ಯುವಕರು ಬರಲು ಒಪ್ಪಿದ್ದಾರೆ.