ಜಾವಾ ಹಿಡಿಸಿದ ಹುಚ್ಚು

ಬೈಕ್ ಹತ್ತಿ ದೂರದೂರಿಗೆ ಹೊರಡುವವರನ್ನು ಮಾತಿಗೆಳೆದು ನೋಡಿ, ಈ ಹುಚ್ಚು ಹಿಡಿದದ್ದು ಯಾವಾಗ ಎಂದು. ಲೈಸೆನ್ಸ್ ಸಿಕ್ಕ ದಿನ ಎನ್ನುವವರು ಕಡಿಮೆ. ಅಪ್ಪನ ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಮುಖಕ್ಕೆ ಗಾಳಿ ಬಡಿಸಿಕೊಂಡಲ್ಲಿಂದಲೇ ಅವರ ಕಥೆ ಶುರು.

ಹಳೇ ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ಆ ಟ್ಯಾಂಕ್ ಜಾವಾದ್ದು. ಜೆಕೊಸ್ಲೊವಾಕಿಯಾದ ಈ ಬೈಕು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ತಯಾರಾಗತೊಡಗಿತು. ಮುಂದೆ ಯೆಜ್ಡಿ ಎನಿಸಿಕೊಂಡಿತು. 250 ಸಿಸಿಯ ಟೂ-ಸ್ಟ್ರೋಕ್ ಎಂಜಿನ್, ಎರಡು ಸೈಲೆನ್ಸರ್, ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕು. ಅದರ ಒಂದು ಚಮತ್ಕಾರ ನನಗೆ ಇಂದಿಗೂ ಪ್ರಿಯ: ಗೇರ್ ಹಾಕುವ ಲಿವರನ್ನೇ ಒಳಕ್ಕೊತ್ತಿ ಮೇಲಕ್ಕೆತ್ತಿದರೆ ಅದೇ ಕಿಕ್ಕರ್! ಘಾಟಿಯಲ್ಲಿ ಗಾಡಿ ಕೈಕೊಟ್ಟರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಮಸಿ ಉಜ್ಜಿ, ಮತ್ತೆ ಹೊರಡಬಹುದಿತ್ತು. ದೂರ ಹೋಗುವ ಧೈರ್ಯ ಬಂದದ್ದೇ ಇದರಿಂದ ಎಂದು ನನ್ನ ನಂಬಿಕೆ.

1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದು ಟ್ಯಾಂಕಿನ ಮೇಲೆ ಕೂತವರು ಈಗ ಗುಜರಿಯಲ್ಲಿ ಬಿಡಿಭಾಗ ಹುಡುಕಿ, ಅಪ್ಪನ ಬೈಕು ರಿಪೇರಿ ಮಾಡಿಸಿ, ಮಡಿಕೇರಿಗೋ ಚಿಕ್ಕಮಗಳೂರಿಗೋ ಹೊರಡುತ್ತಾರೆ. ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಅಂದು ಬೆಂಗಳೂರು, ಮೈಸೂರಿನಲ್ಲಿ ಅವರೆಲ್ಲ ಸೇರುತ್ತಾರೆ. ಒಮ್ಮೆ ಹೋಗಿ ನೋಡಿ.